ದಫ್ತರ ಯಾರ ಮನ್ಯಾಗ ಐತಿ? ಹಳ್ಳಿಯ ಲೆಕ್ಕ, ಹಳ್ಳಿಯ ಲಂಚ: ಒಂದು ಉದ್ದ ಕಥೆ

ಇವತ್ತಿನ ಇತಿಹಾಸದ ಕಥೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಇರೋದು ಒಂದು ಗಟಾರ, ಒಬ್ಬ ಅಜ್ಜ, ಮತ್ತೆ ಒಂದು ಪ್ರಶ್ನೆ.

ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕು ಅಂದ್ರೆ ನಿಮಗೆಲ್ಲ ನೆನಪಾಗೋದು ಕಾಡು, ಮಳೆ, ಕಣಕುಂಬಿ. ಆದ್ರೆ ಅದೇ ತಾಲ್ಲೂಕಿನ ಪೂರ್ವಕ್ಕೆ ಬನ್ನಿ. ಪಾರಿಶ್ವಾಡದ ಕಡೆ ಬಂದ್ರೆ ಕಾಡು ಮುಗಿದು ಬಯಲು ಶುರುವಾಗುತ್ತೆ, ಕಬ್ಬಿನ ಹೊಲ ಕಾಣುತ್ತೆ. ಆ ಭಾಗದ ಒಂದು ಊರು, ಹೆಸರು ಬೇಡ. ನಾನು ಪಿಯುಸಿ ಓದ್ತಿದ್ದಾಗ ಅಲ್ಲಿ ಒಂದು ಗ್ರಾಮಸಭೆಗೆ ಹೋಗಿದ್ದೆ. ಗುಡಿ ಮುಂದೆ ಪೆಂಡಾಲ್, ಇಪ್ಪತ್ತು ಮೂವತ್ತು ಕುರ್ಚಿ, ಸಹಿ ಹಾಕೋ ವಹಿ ಊರೆಲ್ಲ ಸುತ್ತಿ ಬರ್ತಾ ಇತ್ತು. ಒಬ್ಬ ಅಜ್ಜ ಎದ್ದು ನಿಂತ್ರು.

"ನಮ್ಮ ಓಣಿ ಗಟಾರಕ್ಕ ಎಷ್ಟ್ ರೊಕ್ಕ ಬಂದಿತ್ತು, ಎಷ್ಟ್ ಖರ್ಚಾತು, ಒಂದೀಟು ಓದಿ ಹೇಳ್ರೆಪಾ."

ಉತ್ತರ ಬಂತು: "ಅಜ್ಜಾರ, ಲೆಕ್ಕ ಎಲ್ಲಾ ಕಂಪ್ಯೂಟರ್‌ನಾಗ ಐತ್ರಿ."

ಅಜ್ಜ ಕೇಳಿದ್ರು: "ಹಂಗಾದ್ರ ಆ ಕಂಪ್ಯೂಟರ್ ಯಾರ ಮನ್ಯಾಗ ಐತಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಜ್ಜನಿಗೆ ಕಂಪ್ಯೂಟರ್ ಅಂದ್ರೆ ಏನು ಅಂತ ಗೊತ್ತಿಲ್ಲ ಅಂದ್ಕೊಂಡೆ. ಆ ಪ್ರಶ್ನೆಯೊಳಗೆ ನೂರು ವರ್ಷದ ಇತಿಹಾಸ ಇತ್ತು ಅಂತ ನನಗೆ ಅರ್ಥ ಆಗಿದ್ದು ಬಹಳ ತಡವಾಗಿ. ಇವತ್ತು ಆ ಕಥೆ ಹೇಳ್ತೀನಿ.

ಮನೆಯೊಳಗಿನ ಲೆಕ್ಕ

ಅಜ್ಜ ಹುಟ್ಟಿದಾಗ ಬೆಳಗಾವಿ ಇನ್ನೂ ಮುಂಬೈ ಪ್ರಾಂತ್ಯದಲ್ಲಿತ್ತು. ಆಗ ಹಳ್ಳಿಯ ಆಡಳಿತ ಅಂದ್ರೆ ವತನದಾರಿ. ಊರಿನ ಗೌಡಕಿ ಒಂದು ಮನೆತನಕ್ಕೆ, ಕುಲಕರ್ಣಿಕೆ ಇನ್ನೊಂದು ಮನೆತನಕ್ಕೆ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ. ಗೌಡ ಕಂದಾಯ ವಸೂಲು ಮಾಡ್ತಿದ್ದ, ಕುಲಕರ್ಣಿ ಲೆಕ್ಕ ಬರೀತಿದ್ದ. ಯಾರ ಹೊಲ ಎಷ್ಟು, ಯಾರು ಎಷ್ಟು ಕಟ್ಟಿದ್ರು, ಯಾರದ್ದು ಬಾಕಿ, ಎಲ್ಲಾ ಆ ದಫ್ತರದಲ್ಲಿ. ಆ ದಫ್ತರ ಬಟ್ಟೆಯಲ್ಲಿ ಗಂಟು ಕಟ್ಟಿ ಕುಲಕರ್ಣಿ ಮನೆಯಲ್ಲೇ ಇರೋದು.

ಇನ್ನೊಂದು ವಿಷಯ. ನಮ್ಮ ಭಾಗದ ಹಳೇ ದಫ್ತರಗಳಲ್ಲಿ ಎಷ್ಟೋ ಮೋಡಿ ಲಿಪಿಯಲ್ಲಿವೆ. ಮರಾಠಿಯನ್ನು ಸರಸರ ಬರೆಯೋಕೆ ಬಳಸ್ತಿದ್ದ ಲಿಪಿ ಅದು. ಕನ್ನಡ ಮಾತಾಡೋ ರೈತನಿಗೆ ಭಾಷೆಯೂ ಬೇರೆ, ಲಿಪಿಯೂ ಬೇರೆ. ತನ್ನದೇ ಹೊಲದ ಲೆಕ್ಕ ತನ್ನ ಕಣ್ಣೆದುರಿಗೆ ಇಟ್ಟರೂ ಓದೋಕೆ ಬರಲ್ಲ. ಎಲ್ಲಾ ಕುಲಕರ್ಣಿಗಳೂ ಮೋಸಗಾರರು ಅಂತ ನಾನು ಹೇಳ್ತಿಲ್ಲ. ಆದ್ರೆ ಬರೆದವನು ಬಿಟ್ಟು ಬೇರೆ ಯಾರಿಗೂ ಓದೋಕೆ ಬರದ ಲೆಕ್ಕದಲ್ಲಿ, ಬರೆದವನು ಒಳ್ಳೆಯವನಾಗಿದ್ರೆ ಮಾತ್ರ ನೀವು ಬದುಕಿದ್ರಿ. ಕೆಟ್ಟವನಾಗಿದ್ರೆ ಕೇಳೋಕೂ ದಾರಿ ಇಲ್ಲ.

1956ರಲ್ಲಿ ಬೆಳಗಾವಿ ಆಗಿನ ಮೈಸೂರು ರಾಜ್ಯಕ್ಕೆ ಸೇರ್ತು. 1961ರಲ್ಲಿ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಬಂತು, 1963ರಲ್ಲಿ ಜಾರಿಯಾಯ್ತು. ವಂಶಪಾರಂಪರ್ಯದ ಗೌಡಕಿ, ಕುಲಕರ್ಣಿಕೆ ಹೋಯ್ತು, ಸಂಬಳದ ಗ್ರಾಮ ಲೆಕ್ಕಿಗರು ಬಂದ್ರು. ಅಂದ್ರೆ ಕಾನೂನಿನ ಪ್ರಕಾರ ದಫ್ತರ ಮನೆಯಿಂದ ಕಚೇರಿಗೆ ಬಂತು.

ಅಜ್ಜ ಕೇಳಿದ್ದು ಇದನ್ನೇ. ದಫ್ತರ ಕುಲಕರ್ಣಿ ಮನೆಯಿಂದ ಹೊರಗೆ ಬಂದಿದ್ದನ್ನ ಅವರು ಕಣ್ಣಾರೆ ನೋಡಿದ್ರು. ಈಗ ಮತ್ತೆ ಅದು ಎಲ್ಲೋ ಒಳಗೆ ಹೋಗಿದೆಯಲ್ಲ ಅನ್ನೋದು ಅವರ ಅನುಮಾನ.

ನೀರ್ ಸಾಬ್ ಮತ್ತು ಒಂದು ವಿಚಿತ್ರ ಸಂಶೋಧನೆ

ಈಗ 1983ಕ್ಕೆ ಹೋಗೋಣ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನ 'ನೀರ್ ಸಾಬ್' ಅಂತಿದ್ರು. ಆ ವರ್ಷ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿ ಕಾಯ್ದೆ ಬಂತು. 1987ರ ಜನವರಿಯಲ್ಲಿ ಚುನಾವಣೆ. ಮಹಿಳೆಯರಿಗೆ ಶೇ 25ರಷ್ಟು ಮೀಸಲಾತಿ. ಸಂವಿಧಾನದ 73ನೇ ತಿದ್ದುಪಡಿ ಬರೋಕೆ ಆರು ವರ್ಷ ಮೊದಲೇ ಕರ್ನಾಟಕ ಇದನ್ನ ಮಾಡಿತ್ತು.

ಹಳ್ಳಿಗೆ ದುಡ್ಡು ಬಂತು, ಅಧಿಕಾರ ಬಂತು. ಅದರ ಹಿಂದೆಯೇ ಒಂದು ಮಾತೂ ಬಂತು: "ಮೊದಲು ಬೆಂಗಳೂರಲ್ಲಿ ಮಾತ್ರ ತಿಂತಿದ್ರು, ಈಗ ಊರೂರಲ್ಲೂ ತಿಂತಾರೆ." ಈ ಮಾತು ಇವತ್ತಿಗೂ ನೀವು ಕೇಳಿರ್ತೀರಿ.

ಇದು ನಿಜಾನಾ? ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮೇನರ್ ಅನ್ನೋ ಇಬ್ಬರು ವಿದ್ವಾಂಸರು ಕರ್ನಾಟಕದ ಆ ಪ್ರಯೋಗವನ್ನ ಬಾಂಗ್ಲಾದೇಶ, ಘಾನಾ, ಐವರಿ ಕೋಸ್ಟ್ ಜೊತೆ ಹೋಲಿಸಿ ಅಧ್ಯಯನ ಮಾಡಿದ್ರು. 1998ರಲ್ಲಿ ಪುಸ್ತಕವಾಗಿ ಬಂತು. ಅವರಿಗೆ ಸಿಕ್ಕ ಉತ್ತರ ವಿಚಿತ್ರವಾಗಿದೆ. ಕರ್ನಾಟಕದಲ್ಲಿ ಲಂಚದಲ್ಲಿ ಪಾಲುದಾರರ ಸಂಖ್ಯೆ ಹೆಚ್ಚಾಯ್ತು, ಆದ್ರೆ ಒಟ್ಟು ಕದ್ದ ಮೊತ್ತ ಕಡಿಮೆ ಆಯ್ತು. ಹಾಗಿದ್ರೂ ಜನರಿಗೆ ಭ್ರಷ್ಟಾಚಾರ ಜಾಸ್ತಿ ಆಗಿದೆ ಅಂತ ಯಾಕೆ ಅನಿಸ್ತು? ಯಾಕಂದ್ರೆ ಈಗ ಕಣ್ಣಿಗೆ ಕಾಣ್ತಾ ಇತ್ತು. ಜಿಲ್ಲಾ ಕೇಂದ್ರದಲ್ಲೋ ಬೆಂಗಳೂರಲ್ಲೋ ಲಕ್ಷ ಹೋದ್ರೆ ಹಳ್ಳಿಯವನಿಗೆ ಗೊತ್ತೇ ಆಗಲ್ಲ. ಪಕ್ಕದ ಮನೆ ಮೆಂಬರು ಐನೂರು ತಿಂದ್ರೆ ಸಂಜೆಯೊಳಗೆ ಕಟ್ಟೆ ಮೇಲೆ ಸುದ್ದಿ.

ನನ್ನ ಪ್ರಕಾರ ಇವತ್ತಿನ ಇಡೀ ಕಥೆಗೆ ಇದೇ ಬೀಗದ ಕೈ. ಕಾಣೋ ಕಡೆ ಕಳ್ಳತನ ಕಷ್ಟ. ಹಾಗಾಗಿ ತಿನ್ನೋರ ಮೊದಲ ಕೆಲಸ ಲೆಕ್ಕವನ್ನ ಕಾಣದ ಹಾಗೆ ಮಾಡೋದು.

ಜಮಾಬಂದಿ ತಲೆಕೆಳಗಾದ ಕಥೆ

1993ರಲ್ಲಿ ಈಗಿನ ಪಂಚಾಯತ್ ರಾಜ್ ಕಾಯ್ದೆ ಬಂತು. ಅದರಲ್ಲಿ ಗ್ರಾಮಸಭೆ ಇದೆ. ಆರು ತಿಂಗಳಿಗೊಮ್ಮೆಯಾದ್ರೂ ಸೇರಲೇಬೇಕು. ಆಮೇಲೆ ಜಮಾಬಂದಿ ಅಂತ ಒಂದು ವ್ಯವಸ್ಥೆ ಸೇರ್ಕೊಳ್ತು.

ಈ 'ಜಮಾಬಂದಿ' ಪದದ ಹಿಂದೆ ಒಂದು ತಮಾಷೆ ಇದೆ. ಬ್ರಿಟಿಷರ ಕಾಲದಲ್ಲಿ ಜಮಾಬಂದಿ ಅಂದ್ರೆ ವರ್ಷಕ್ಕೊಮ್ಮೆ ಸಾಹೇಬರು ಬಂದು ಊರಿನ ಕಂದಾಯದ ಲೆಕ್ಕ ತೀರ್ಮಾನ ಮಾಡೋದು. ರೈತರು ಕೈ ಕಟ್ಟಿ ನಿಲ್ಲಬೇಕು, ಸಾಹೇಬರು ಪ್ರಶ್ನೆ ಕೇಳಬೇಕು. ಈಗಿನ ಪಂಚಾಯಿತಿ ಜಮಾಬಂದಿಯಲ್ಲಿ ಇದು ತಲೆಕೆಳಗು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಮೇಲಿಂದ ಒಬ್ಬ ಅಧಿಕಾರಿ ಬರ್ತಾರೆ, ಹಿಂದಿನ ವರ್ಷದ ವಹಿ, ಬಿಲ್ಲು, ಕಾಮಗಾರಿ ಎಲ್ಲಾ ಜನರ ಮುಂದೆ ಇಡಬೇಕು. ಪ್ರಶ್ನೆ ಕೇಳೋದು ನೀವು, ಉತ್ತರ ಕೊಡೋದು ಅವರು.

ಕಾಗದದ ಮೇಲೆ ಎಷ್ಟು ಚೆಂದ ಇದೆ ಅಲ್ವಾ? ಆದ್ರೆ ನಿಮ್ಮೂರಲ್ಲಿ ಜಮಾಬಂದಿ ಯಾವತ್ತು ಆಯ್ತು ಅಂತ ಕೇಳಿದ್ರೆ ನಿಮ್ಮಲ್ಲಿ ಎಷ್ಟು ಜನ ಹೇಳ್ತೀರಿ? ಸಭೆ ಆಗಿರುತ್ತೆ, ಸಹಿ ಇರುತ್ತೆ. ಜನ ಇರಲ್ಲ.

ರಶೀದಿಗಾಗಿ ಜಗಳ

2007ರ ಏಪ್ರಿಲ್‌ನಲ್ಲಿ ಬೆಳಗಾವಿ ಜಿಲ್ಲೆಗೆ ಉದ್ಯೋಗ ಖಾತ್ರಿ ಬಂತು. ಹಳ್ಳಿಯ ಲೆಕ್ಕದಲ್ಲಿ ಇದು ದೊಡ್ಡ ಬದಲಾವಣೆ. ಮೊದಲ ಸಲ ಕೂಲಿಯವರ ಹೆಸರು ಎನ್‌ಎಂಆರ್, ಅಂದ್ರೆ ಹಾಜರಿ ಪಟ್ಟಿಯಲ್ಲಿ ಹಕ್ಕಾಗಿ ಬಂತು. ಅದರ ಜೊತೆಗೆ ಹೊಸ ಕಳ್ಳತನವೂ ಬಂತು. ಕೆಲಸಕ್ಕೇ ಬರದವರ ಹೆಸರಲ್ಲಿ ಹಾಜರಿ. ರಾತ್ರಿ ಜೆಸಿಬಿ ಕೆಲಸ, ಬೆಳಿಗ್ಗೆ ಕೂಲಿಯವರ ಬಿಲ್ಲು. ಜಾಬ್ ಕಾರ್ಡ್ ನಮ್ಮದು, ಇರೋದು ಇನ್ನೊಬ್ಬರ ಮನೆಯಲ್ಲಿ. ಇದು ರಾಜ್ಯದ ಬಹಳಷ್ಟು ಕಡೆ ನಡೆದಿದ್ದೇ. ಗಮನಿಸಿ, ಇಲ್ಲೂ ಮತ್ತೆ ಕಾಗದ ಯಾರ ಮನೆಯಲ್ಲಿದೆ ಅನ್ನೋದೇ ಪ್ರಶ್ನೆ.

ಇದಕ್ಕೆ ಖಾನಾಪುರ ತಾಲ್ಲೂಕಿನ ಹೆಣ್ಣುಮಕ್ಕಳು ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಜಾಗೃತಿ ಮಹಿಳಾ ಒಕ್ಕೂಟ, ಆಮೇಲೆ ಗ್ರಾಕೂಸ್ ಅಂದ್ರೆ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ, ಇವುಗಳ ಮೂಲಕ ಕೂಲಿಕಾರ ಮಹಿಳೆಯರು ಒಟ್ಟಾದ್ರು. ಇಂಥ ಸಂಘಟನೆಗಳು ಹಿಡಿದ ದಾರಿ ನೋಡಿ. 'ಭ್ರಷ್ಟಾಚಾರ ತೊಲಗಲಿ' ಅನ್ನೋ ಘೋಷಣೆಗಿಂತ ದೊಡ್ಡದಾಗಿ ಅವರು ಕೇಳಿದ್ದು ಒಂದು ಚೀಟಿ. ನಮೂನೆ 6ರಲ್ಲಿ ಕೆಲಸಕ್ಕೆ ಅರ್ಜಿ ಕೊಟ್ಟರೆ, ತಾರೀಖು ಹಾಕಿದ ಸ್ವೀಕೃತಿ ರಶೀದಿ ಕೊಡಬೇಕು.

ಬರೀ ರಶೀದಿಗೆ ಯಾಕಷ್ಟು ಜಗಳ? ಉದ್ಯೋಗ ಖಾತ್ರಿ ಕಾನೂನಿನ ಪ್ರಕಾರ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲಾಂದ್ರೆ ನಿರುದ್ಯೋಗ ಭತ್ಯೆ. 15 ದಿನ ಎಣಿಸೋಕೆ ಶುರುವಾಗೋದು ರಶೀದಿಯ ತಾರೀಖಿನಿಂದ. ರಶೀದಿ ಇಲ್ಲ ಅಂದ್ರೆ ಕಾನೂನಿನ ಲೆಕ್ಕದಲ್ಲಿ ನೀವು ಕೆಲಸ ಕೇಳೇ ಇಲ್ಲ. ಕಚೇರಿಯೊಳಗಿನ ಕಾಗದಕ್ಕೆ ಎದುರಾಗಿ ಜನರ ಕೈಯಲ್ಲಿ ಒಂದು ಕಾಗದ. ಈ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನಕ್ಕೆ ಓದೋಕೆ ಬರ್ತಿರಲಿಲ್ಲ. ಆದ್ರೆ ಆಟ ಎಲ್ಲಿ ನಡೀತಿದೆ ಅಂತ ಅವರಿಗೆ ಗೊತ್ತಿತ್ತು.

ಕಾವಲುಗಾರನ ಕಥೆ

"ಇದೆಲ್ಲಾ ಸರಿ, ಕಳ್ಳರನ್ನ ಹಿಡಿಯೋಕೆ ಲೋಕಾಯುಕ್ತ ಇದೆಯಲ್ಲ?" ಅಂತ ನೀವು ಕೇಳಬಹುದು. ಇದೆ. 1984ರ ಕಾಯ್ದೆ, 1986ರಿಂದ ಕೆಲಸ. 2001ರಿಂದ 2006ರವರೆಗೆ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಕಚೇರಿಗಳಿಗೆ, ಆಸ್ಪತ್ರೆಗಳಿಗೆ ದಿಢೀರ್ ಅಂತ ನುಗ್ತಿದ್ರು, ಟಿವಿಯಲ್ಲಿ ನೋಡಿ ಜನ ಚಪ್ಪಾಳೆ ಹೊಡೀತಿದ್ರು. 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಗಣಿ ವರದಿ ಬಂದು, ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿಯೇ ರಾಜೀನಾಮೆ ಕೊಡಬೇಕಾಯ್ತು. ಲೋಕಾಯುಕ್ತಕ್ಕೆ ಎಷ್ಟು ಬಲ ಇದೆ ಅಂತ ಆಗ ಎಲ್ಲರಿಗೂ ಗೊತ್ತಾಯ್ತು.

ಆಮೇಲೆ? 2015ರಲ್ಲಿ ಲೋಕಾಯುಕ್ತ ಕಚೇರಿಯಿಂದಲೇ ಅಧಿಕಾರಿಗಳಿಗೆ ಹೆದರಿಸಿ ಹಣ ಕೇಳ್ತಿದ್ದಾರೆ ಅನ್ನೋ ಆರೋಪ ಬಂತು. ಆಗಿನ ಲೋಕಾಯುಕ್ತರ ಮಗನ ಬಂಧನ ಆಯ್ತು, ವರ್ಷದ ಕೊನೆಗೆ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. ಬೇಲಿಯೇ ಎದ್ದು ಹೊಲ ಮೇಯ್ತು ಅಂತ ಜನ ಮಾತಾಡ್ಕೊಂಡ್ರು. 2016ರ ಮಾರ್ಚ್‌ನಲ್ಲಿ ಸರ್ಕಾರ ಎಸಿಬಿ, ಅಂದ್ರೆ ಭ್ರಷ್ಟಾಚಾರ ನಿಗ್ರಹ ದಳ ಮಾಡ್ತು. ಲಂಚದ ಕೇಸು ಹಿಡಿಯೋ ಅಧಿಕಾರ ಲೋಕಾಯುಕ್ತ ಪೊಲೀಸರಿಂದ ಹೋಗಿ, ಸರ್ಕಾರದ ಕೈಕೆಳಗಿನ ದಳಕ್ಕೆ ಬಂತು. ಆರು ವರ್ಷ ಹೀಗೇ ನಡೀತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿ, ಅಧಿಕಾರ ವಾಪಸ್ ಲೋಕಾಯುಕ್ತಕ್ಕೆ ಕೊಡ್ತು.

ಈಗಲೂ ಪೇಪರ್ ತೆಗೆದ್ರೆ ಪಿಡಿಒ ಒಬ್ಬರು, ಬಿಲ್ ಕಲೆಕ್ಟರ್ ಒಬ್ಬರು ಬಲೆಗೆ ಅನ್ನೋ ಸುದ್ದಿ ಇರುತ್ತೆ. ಎಷ್ಟೋ ಸಲ ಅದು ಮನೆಯ ನಮೂನೆ 9, 11ಬಿ ಕಾಗದಕ್ಕೆ, ಅಂದ್ರೆ ಇ-ಸ್ವತ್ತಿಗೆ ಕೇಳಿದ ದುಡ್ಡು. ಹಿಡಿದಿದ್ದು ಒಳ್ಳೆಯದೇ. ಆದ್ರೆ ಆಮೇಲಿನ ದಾರಿ ಉದ್ದ ಇದೆ. ಪ್ರಾಸಿಕ್ಯೂಷನ್‌ಗೆ ಮೇಲಿನವರ ಅನುಮತಿ ಬೇಕು. ಕೇಸು ವರ್ಷಗಟ್ಟಲೆ ನಡೆಯುತ್ತೆ. ದೂರು ಕೊಟ್ಟವರು ಕೆಲಸ ಬಿಟ್ಟು ಕೋರ್ಟಿಗೆ ಹೋಗಿ ಸಾಕ್ಷಿ ಹೇಳಬೇಕು. ಇನ್ನೊಂದು ವಿಷಯ ನಿಮಗೆಲ್ಲ ಗೊತ್ತಿರಲಿ. 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಡೋದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ರೆ ಏಳು ದಿನದೊಳಗೆ ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ.

ರಸ್ತೆ ಇದೆ, ಕಾಗದ ಇಲ್ಲ

ಬೆಳಗಾವಿ ಊರಿಗೆ ಅಂಟಿಕೊಂಡೇ ಹಿಂಡಲಗಾ ಅಂತ ಒಂದು ಹಳ್ಳಿ ಇದೆ. ಸೆಂಟ್ರಲ್ ಜೈಲು ಇರೋ ಊರು. ಗುತ್ತಿಗೆದಾರ ಸಂತೋಷ್ ಪಾಟೀಲ ಎಂಬುವರು ಅಲ್ಲಿ ಸುಮಾರು 4 ಕೋಟಿ ರೂಪಾಯಿಯ ರಸ್ತೆ, ಗಟಾರದಂಥ ಕಾಮಗಾರಿ ಮಾಡಿದ್ದೀನಿ, ಬಿಲ್ ಆಗಿಲ್ಲ, ಶೇ 40 ಕಮಿಷನ್ ಕೇಳ್ತಿದ್ದಾರೆ ಅಂತ ಆರೋಪ ಮಾಡಿದ್ರು. ದೆಹಲಿವರೆಗೂ ದೂರು ಬರೆದ್ರು. 2022ರ ಏಪ್ರಿಲ್ 12ರಂದು ಉಡುಪಿಯ ಒಂದು ಲಾಡ್ಜ್‌ನಲ್ಲಿ ಅವರ ಶವ ಸಿಕ್ಕಿತು. ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಕೆ.ಎಸ್. ಈಶ್ವರಪ್ಪ ಆರೋಪ ಅಲ್ಲಗಳೆದ್ರು, ಆದ್ರೆ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅದೇ ವರ್ಷ ಜುಲೈನಲ್ಲಿ ಪೊಲೀಸರು ಸಾಕ್ಷ್ಯ ಇಲ್ಲ ಅಂತ ಬಿ ರಿಪೋರ್ಟ್ ಹಾಕಿದ್ರು.

ಯಾರು ಸರಿ, ಯಾರು ತಪ್ಪು ಅನ್ನೋ ತೀರ್ಪು ನಾನು ಕೊಡಲ್ಲ. ನಾನು ನೋಡೋದು ಒಂದೇ ಸಂಗತಿ. ಸರ್ಕಾರದ ಕಡೆಯಿಂದ ಬಂದ ಉತ್ತರ: ಈ ಕೆಲಸಕ್ಕೆ ಕಾರ್ಯಾದೇಶವೇ ಇಲ್ಲ. ಅಂದ್ರೆ ವರ್ಕ್ ಆರ್ಡರ್ ಇಲ್ಲದೆ, ಬರೀ ಬಾಯಿಮಾತಿನ ಮೇಲೆ ಕೋಟಿಗಟ್ಟಲೆ ಕೆಲಸ.

ನಮಗೆ ಗೊತ್ತಿರೋ ಮಾಮೂಲಿ ಕಳ್ಳತನದಲ್ಲಿ ಕಾಗದ ಇರುತ್ತೆ, ರಸ್ತೆ ಇರಲ್ಲ. ಇಲ್ಲಿ ರಸ್ತೆ ಇದೆ, ಕಾಗದ ಇಲ್ಲ. ಎರಡರಲ್ಲೂ ರೋಗ ಒಂದೇ: ಊರಿನ ನೆಲವೂ ಊರಿನ ಕಾಗದವೂ ತಾಳೆ ಆಗ್ತಿಲ್ಲ. ಅವೆರಡನ್ನ ತಾಳೆ ಹಾಕಿ ನೋಡೋಕೆ ಅತಿ ಸುಲಭದ ಜಾಗ ಬೆಂಗಳೂರಲ್ಲ, ಕೋರ್ಟಲ್ಲ. ಅದೇ ರಸ್ತೆ ಮೇಲೆ ದಿನಾ ಓಡಾಡೋ ಜನರ ಗ್ರಾಮಸಭೆ. ಕೆಲಸ ಶುರುವಾದ ದಿನವೇ "ಇದರ ವರ್ಕ್ ಆರ್ಡರ್ ಓದ್ರಿ" ಅಂತ ಯಾರಾದ್ರೂ ಕೇಳೋ ರೂಢಿ ಇದ್ದಿದ್ರೆ, ಕಥೆ ಉಡುಪಿಯ ಲಾಡ್ಜ್‌ವರೆಗೆ ಹೋಗ್ತಿತ್ತಾ? ನನಗಂತೂ ಈ ಪ್ರಶ್ನೆ ಬಿಡ್ತಾ ಇಲ್ಲ.

ಕಂಪ್ಯೂಟರ್‌ನಾಗ ಐತ್ರಿ

ಹಾಗಾದ್ರೆ ತಂತ್ರಜ್ಞಾನ? ಅದು ಬಂದ ಮೇಲೆ ಎಲ್ಲಾ ಪಾರದರ್ಶಕ ಅಲ್ವಾ? ಅರ್ಧ ನಿಜ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಯಾರೂ ಕೇಳದೇ ಇದ್ರೂ ಕಚೇರಿಗಳು ತಮ್ಮ ಲೆಕ್ಕ ಹೊರಗೆ ಹಾಕಬೇಕು. 2020ರಲ್ಲಿ ಇ-ಗ್ರಾಮಸ್ವರಾಜ್ ಬಂತು. ನಿಮ್ಮ ಫೋನಿನಲ್ಲೇ ನಿಮ್ಮ ಪಂಚಾಯಿತಿಗೆ ಹಣಕಾಸು ಆಯೋಗದ ದುಡ್ಡು ಎಷ್ಟು ಬಂತು, ಯಾವ ಕೆಲಸಕ್ಕೆ ಹೋಯ್ತು ಅಂತ ನೋಡಬಹುದು. ಕುಲಕರ್ಣಿ ಮನೆಯ ದಫ್ತರಕ್ಕೆ ಹೋಲಿಸಿದ್ರೆ ಇದು ದೊಡ್ಡ ಕ್ರಾಂತಿ.

ಇನ್ನರ್ಧ ಕೇಳಿ. ಉದ್ಯೋಗ ಖಾತ್ರಿಯಲ್ಲಿ ಸುಳ್ಳು ಹಾಜರಿ ತಡೆಯೋಕೆ ಅಂತ ಎನ್‌ಎಂಎಂಎಸ್ ಆ್ಯಪ್ ಬಂತು. ಕೆಲಸದ ಜಾಗದಲ್ಲೇ ಕೂಲಿಯವರ ಫೋಟೊ ತೆಗೆದು ಹಾಕಬೇಕು. 2023ರ ಜನವರಿಯಿಂದ ಕಡ್ಡಾಯ ಆಯ್ತು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆದ ಪತ್ರದಲ್ಲಿ ಹೇಳ್ತು: ಸಂಬಂಧವೇ ಇಲ್ಲದ ಫೋಟೊ ಹಾಕ್ತಿದ್ದಾರೆ, ಫೋಟೊದ ಫೋಟೊ ತೆಗೆದು ಹಾಕ್ತಿದ್ದಾರೆ. ಇನ್ನೊಂದು ಕಡೆ ನೆಟ್‌ವರ್ಕ್ ಸಿಗದ ಊರುಗಳಲ್ಲಿ ನಿಜವಾಗಿ ದುಡಿದವರ ಹಾಜರಿಯೇ ಬೀಳ್ತಿರಲಿಲ್ಲ. ಕಳ್ಳನಿಗೆ ಆ್ಯಪ್ ಅಡ್ಡಿಯಾಗಲಿಲ್ಲ, ಕೂಲಿಯವರಿಗೆ ಆಯ್ತು.

ಯಾಕೆ? ಆಗ ಆ್ಯಪ್ ಫೋಟೊ ನೋಡ್ತಿತ್ತು, ಮುಖ ಗುರುತು ಹಿಡೀತಿರಲಿಲ್ಲ. "ಇವ ಕೆಲಸಕ್ಕ ಬಂದೇ ಇಲ್ಲ, ಪುಣ್ಯಾಕ್ಕ ಹೋಗ್ಯಾನ" ಅಂತ ಹೇಳೋಕೆ ಊರಿನವರೇ ಬೇಕು. ಆ ಪಟ್ಟಿಯನ್ನ ಊರಿನ ಮುಂದೆ ಗಟ್ಟಿಯಾಗಿ ಓದೋವರೆಗೆ, ಕಂಪ್ಯೂಟರಿನ ಲೆಕ್ಕವೂ ಮೋಡಿ ಲಿಪಿಯೇ.

ಅಜ್ಜ ಯಾಕೆ ಬರಲಿಲ್ಲ

ಈಗ ಅಜ್ಜನ ಕಡೆ ಬರ್ತೀನಿ. ಮುಂದಿನ ಗ್ರಾಮಸಭೆಗೂ ನಾನು ಹೋಗಿದ್ದೆ. ಅಜ್ಜ ಬಂದಿರಲಿಲ್ಲ. ಮನೆಗೆ ಹೋಗಿ ಕೇಳಿದೆ: "ಅಜ್ಜಾರ, ಯಾಕ ಬರ್ಲಿಲ್ರಿ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು: "ಮೊಮ್ಮಗಂದು ಮನೀ ಉತಾರ ಆಗಬೇಕೈತಿ ತಮ್ಮಾ. ಸಾಲಕ್ಕ ಬೇಕು. ಈಗ ನಾ ಏನರೆ ಮಾತಾಡಿದ್ರ ಅಂವಗ ಅಡ್ಡ ಆಗತೈತಿ."

ಯಾರೂ ಅವರನ್ನ ಹೆದರಿಸಿರಲಿಲ್ಲ. ಹೆದರಿಸೋ ಅಗತ್ಯವೇ ಇರಲಿಲ್ಲ. ಹಳ್ಳಿಯಲ್ಲಿ ಲಂಚದ ವಿರುದ್ಧ ಹೋರಾಡೋದು ಯಾಕೆ ಕಷ್ಟ ಅಂತ ಯಾರಾದ್ರೂ ಕೇಳಿದ್ರೆ ನಾನು ಈ ಒಂದು ಮಾತು ಹೇಳ್ತೀನಿ. ಸಿಟಿಯಲ್ಲಿ ನೀವು ದೂರು ಕೊಟ್ಟ ಅಧಿಕಾರಿ ಮತ್ತೆ ನಿಮಗೆ ಸಿಗದೇ ಇರಬಹುದು. ಹಳ್ಳಿಯಲ್ಲಿ ಇವತ್ತು ಪ್ರಶ್ನೆ ಕೇಳಿದವನು ನಾಳೆ ಅದೇ ಕಚೇರಿಗೆ ನಳಕ್ಕೆ, ಉತಾರಕ್ಕೆ, ಮನೆಗೆ ಹೋಗಲೇಬೇಕು. ಕಾನೂನು ಎಷ್ಟೇ ಗಟ್ಟಿ ಇದ್ರೂ, ಒಬ್ಬನೇ ಕೇಳಿದ್ರೆ ಆ ಒಬ್ಬನ ಮೊಮ್ಮಗನ ಕಾಗದವೇ ನಿಲ್ಲೋದು.

ಕೂಲಿಕಾರ ಹೆಣ್ಣುಮಕ್ಕಳಿಗೆ ಇದು ಗೊತ್ತಿತ್ತು. ಅದಕ್ಕೇ ಅರ್ಜಿ ಕೊಡೋಕೆ ಒಬ್ಬೊಬ್ಬರೇ ಹೋಗದೆ ಗುಂಪಾಗಿ ಹೋಗೋದು. ಐವತ್ತು ಜನ ಒಟ್ಟಿಗೆ ರಶೀದಿ ಕೇಳಿದ್ರೆ ಯಾರ ಉತಾರ ಅಂತ ನಿಲ್ಲಿಸ್ತೀರಿ?

ಕೇಳ್ತಾ ಇರೋ ನಿಮ್ಮಲ್ಲಿ ಬಹಳ ಜನ ಊರು ಬಿಟ್ಟು ಬೆಳಗಾವಿ, ಹುಬ್ಬಳ್ಳಿ, ಪುಣೆ, ಬೆಂಗಳೂರಲ್ಲಿ ಇದ್ದೀರಿ. ನಿಮ್ಮ ಉತಾರ ಅಲ್ಲಿ ಬಾಕಿ ಇಲ್ಲ, ನಿಮ್ಮ ಕೈಯಲ್ಲಿ ಫೋನಿದೆ, ನಿಮಗೆ ಓದೋಕೆ ಬರುತ್ತೆ. ಅಜ್ಜನಿಗೆ ಇಲ್ಲದ ಮೂರೂ ನಿಮ್ಮಲ್ಲಿವೆ. ಇ-ಗ್ರಾಮಸ್ವರಾಜ್ ತೆಗೆದು ನಿಮ್ಮೂರಿನ ಒಂದು ಕಾಮಗಾರಿ ನೋಡಿ, ಒಂದೇ ಸಾಕು. ಅದರ ಮೊತ್ತ ಬರ್ಕೊಳ್ಳಿ. ಆಗಸ್ಟ್ 16 ಆದ ಮೇಲೆ ಜಮಾಬಂದಿ ಯಾವತ್ತು ಅಂತ ಕೇಳಿ, ಗೆಳೆಯರ ಜೊತೆ ಹೋಗಿ. ಒಬ್ಬರೇ ಹೋಗಬೇಡಿ.

ಯಾರನ್ನೂ ಕಳ್ಳ ಅನ್ನೋದು ಬೇಡ. ಅಜ್ಜ ಕೇಳಿದ್ದನ್ನೇ ಕೇಳಿ, ಅಷ್ಟೇ ಮರ್ಯಾದೆಯಿಂದ: "ಒಂದೀಟು ಓದಿ ಹೇಳ್ರೆಪಾ."

ನಿಮ್ಮೂರಲ್ಲಿ ಏನಾಯ್ತು ಅಂತ ನಮಗೂ ತಿಳಿಸಿ.